ಹಡಗು ಮತ್ತು ದಂಡೆ

ಭೀಮೆ, ಅಮರ್ಜೆಗಳ ನೀರನ್ನಷ್ಟೇ ಬಲ್ಲ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನಿವೃತ್ತ ಮಾಸ್ತರನಿಗೆ ಸಮುದ್ರದ ಹಡಗಿನ ಉಸಾಬರಿ ಏಕೆಂದು ಓದುಗರು ಹುಬ್ಬೇರಿಸಬಹುದು. ಹಡಗಿನ ಮಾತು ಕೊನೆಗೆ ನಮ್ಮ ಊರಿನ ಮಾತೇ ಆಗುವುದರಿಂದ ಬರೆಯುತ್ತಿದ್ದೇನೆ.

ಪ್ರವಾಸ ಸಂಸ್ಥೆಯೊಂದು ಇಡೀ ವಿಹಾರನೌಕೆಯನ್ನು ಬಾಡಿಗೆಗೆ ಹಿಡಿದು, ಅದರ ಕೋಣೆಗಳನ್ನೆಲ್ಲ ಸಲಿಂಗಪ್ರೇಮಿಗಳಿಗಾಗಿ ಮಾರುವ ಪದ್ಧತಿ ಅಮೆರಿಕದಲ್ಲಿ 1986ರ ಸುಮಾರಿಗೆ ಮೊದಲಾಯಿತು. ಮೊದಲಿನ ಹಡಗುಗಳು ಚಿಕ್ಕವು. 2009ರಲ್ಲಿ ಯಾನ ಆರಂಭಿಸಿದ 'ಓಯಸಿಸ್ ಆಫ್ ದ ಸೀಸ್' ಮತ್ತು ಅದರ ವರ್ಗದ ಹಡಗುಗಳಾದರೋ ಸುಮಾರು 360 ಮೀಟರ್ ಉದ್ದದವು; ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತವೆ. ಅಂದರೆ ತೇಲುವ ಒಂದು ದೊಡ್ಡ ಗ್ರಾಮ!

ಇದರ ಗುಣವೇನು? ಜೀವಮಾನವಿಡೀ ಅಕ್ಕಪಕ್ಕ ನೋಡಿ ಮಾತನಾಡಿದವನು ಏಳು ದಿನ ಹಾಗೆ ನೋಡದೆ ಇರಬಹುದು. ತನ್ನಂಥವರು ಬೆರಳೆಣಿಕೆಯವರಲ್ಲ, ಅವರಲ್ಲಿ ವೈದ್ಯರೂ ಶಿಕ್ಷಕರೂ ವೃದ್ಧರೂ ಇದ್ದಾರೆಂಬುದನ್ನು ಕಣ್ಣಾರೆ ಕಾಣಬಹುದು. ಪ್ರತ್ಯೇಕತೆ ಏಕೆಂದು ಕೇಳುವವರು ರೈಲಿನ ಮಹಿಳಾ ಬೋಗಿಯನ್ನು ನೆನೆಯಲಿ. ಅದು ಹುಟ್ಟಿದ್ದು ಹೆಂಗಸರ ಅಹಂಕಾರದಿಂದಲ್ಲ, ಉಳಿದ ಬೋಗಿಗಳ ನಡತೆಯಿಂದ.

ದೋಷಗಳೂ ಉಂಟು. ಮೊದಲನೆಯದು ಹಣ, ಬಡವನಿಗೆ ಆ ಏಣಿ ಎಟುಕದು. ಎರಡನೆಯದು, ಒಂದೇ ಬಗೆಯ ಜನ ನೆರೆದಲ್ಲಿಯೂ ರೂಪ, ವಯಸ್ಸು, ಮೈಕಟ್ಟುಗಳ ಹೊಸ ಮೇಲುಕೀಳು ತಲೆಯೆತ್ತಬಲ್ಲದು. ಮೂರನೆಯದು, ಹಡಗು ದಂಡೆ ಮುಟ್ಟಲೇಬೇಕು. 1998ರಲ್ಲಿ ಕೇಮನ್ ದ್ವೀಪಗಳ ಸರಕಾರ ಇಂಥ ಹಡಗೊಂದಕ್ಕೆ ಬಂದರನ್ನೇ ನಿರಾಕರಿಸಿತು. 2012ರಲ್ಲಿ ಡೊಮಿನಿಕಾ ಬಂದರಿನಲ್ಲಿ ಇಬ್ಬರು ಪ್ರಯಾಣಿಕರು ಬಂಧಿತರಾದರು. ನೀರಿನ ಮೇಲಿನ ಸ್ವಾತಂತ್ರ್ಯ ನೆಲದ ಕಾನೂನಿನವರೆಗೆ ಮಾತ್ರ.

ನಮ್ಮ ನೆಲದ ಕಾನೂನು ಈಗ ಅಷ್ಟು ಕಠೋರವಲ್ಲ. ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರಲ್ಲಿ ಅಂಥವರ ವಿವಾಹಕ್ಕೆ ಮಾನ್ಯತೆ ನೀಡಲು ಮಾತ್ರ ಒಪ್ಪಲಿಲ್ಲ. ಬೆಂಗಳೂರಿನಲ್ಲಿ 2008ರಿಂದ ಇವರ ಮೆರವಣಿಗೆ ನಡೆದು ಬಂದಿದೆ. ಅಲ್ಲಿ ಟಿಕೀಟಿಲ್ಲ, ನೋಡುವವರೂ ಜೊತೆಗೆ ಹೆಜ್ಜೆ ಹಾಕಬಹುದು. ಹಡಗಿಗಿಂತ ಇದು ನನಗೆ ಹೆಚ್ಚು ಹಿಡಿಸುತ್ತದೆ.

ಆದರೆ ಬೆಂಗಳೂರೂ ನಮ್ಮವರಿಗೆ ಒಂದು ಹಡಗೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿ ನಿರಾತಂಕವಾಗಿರುವ ಅವನು ಊರಿನ ಬಸ್ಸು ಹತ್ತುವಾಗ ಮತ್ತೆ ಮುಖವಾಡ ಧರಿಸುತ್ತಾನೆ. ಮನೆಯಲ್ಲಿ ಕನ್ಯೆ ನೋಡುತ್ತಿದ್ದಾರೆ. ಹೇಳಿದರೆ ತಾಯಿ ಎದೆಯೊಡೆದುಕೊಂಡಾಳೆಂಬ ಭಯ ಅವನಿಗೆ. ಹೇಳದಿದ್ದರೆ ಏನೂ ಅರಿಯದ ಇನ್ನೊಬ್ಬರ ಮಗಳ ಬಾಳು ಹಾಳು. ಈ ಲೆಕ್ಕದಲ್ಲಿ ನಾವು ಯಾವಾಗಲೂ ಮರೆಯುವುದು ಆ ಹುಡುಗಿಯನ್ನು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಹಡಗು ಹತ್ತುವವರು ಹತ್ತಲಿ, ಅದನ್ನು ಹಳಿಯುವ ಅಧಿಕಾರ ನಮಗಿಲ್ಲ, ಆ ಬಯಕೆ ಹುಟ್ಟುವುದು ದಂಡೆಯ ಬಿಗುವಿನಿಂದಲೇ. ಗಾಣಗಾಪುರದ ಸಂಗಮದಲ್ಲಿ ಮೀಯುವವರ ಮನದೊಳಗೇನಿದೆಯೆಂದು ನದಿ ಕೇಳುವುದಿಲ್ಲ. ನದಿಯಷ್ಟು ಉದಾರರಾಗುವುದು ನಮಗೆ ಕಷ್ಟವಾದೀತು. ಕನಿಷ್ಠ ಲಗ್ನದ ಮಾತೆತ್ತುವ ಮೊದಲು ಮಗನನ್ನೂ ಮಗಳನ್ನೂ ಒಂದು ಸಲ ಬಳಿಯಲ್ಲಿ ಕೂರಿಸಿಕೊಂಡು, "ನಿನಗೆ ಮನಸ್ಸಿದೆಯೇ?" ಎಂದು ಕೇಳೋಣ. ಉತ್ತರ ಯಾವುದಾದರೂ ಮನೆಯಿಂದ ಹೊರಗೆ ಹಾಕುವುದಿಲ್ಲವೆಂಬ ಭರವಸೆ ಕೊಟ್ಟು ಕೇಳೋಣ.