ನಿರ್ಬಂಧದ ಪಟ್ಟಿ ಮತ್ತು ಸಂಸತ್ತಿನ ಹೊಣೆ

ವಿದೇಶದಲ್ಲಿ ಕುಳಿತು ನಮ್ಮ ನಾಡಿನ ನಿರಪರಾಧಿಗಳ ರಕ್ತ ಹರಿಸುವವರ ಮೇಲೆ ಸರಕಾರವು ನಿರ್ಬಂಧ ಹೇರಬೇಕೆಂಬುದರಲ್ಲಿ ನಮಗೆ ಎಳ್ಳಷ್ಟೂ ಭಿನ್ನಾಭಿಪ್ರಾಯವಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮಸೂದ್ ಅಝರ್, ಹಾಫಿಝ್ ಸಈದ್, ಲಖ್ವಿ ಮತ್ತು ದಾವೂದ್ ಇಬ್ರಾಹೀಮ್‌ರನ್ನು ಕೇಂದ್ರವು ಭಯೋತ್ಪಾದಕರೆಂದು ಘೋಷಿಸಿದಾಗ ಮರುಗಲು ನಮಗೆ ಯಾವ ಕಾರಣವೂ ಇರಲಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಇಂತಹ ಪಟ್ಟಿಯನ್ನು ಸಿದ್ಧಪಡಿಸುವ ಸರಕಾರದ ಮೇಲೆ ಕಣ್ಣಿಡುವವರು ಯಾರು?

ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಡಿ ಮೊದಲು ಸಂಘಟನೆಗಳನ್ನು ಮಾತ್ರ ಭಯೋತ್ಪಾದಕ ಪಟ್ಟಿಗೆ ಸೇರಿಸಬಹುದಾಗಿತ್ತು. 2019ರ ತಿದ್ದುಪಡಿಯು ವ್ಯಕ್ತಿಗಳನ್ನೂ ಸೇರಿಸುವ ಅಧಿಕಾರ ನೀಡಿತು. ಮಸೂದೆಯನ್ನು ಆಯ್ಕೆ ಸಮಿತಿಗೆ ಒಪ್ಪಿಸಬೇಕೆಂಬ ಬೇಡಿಕೆಯು ರಾಜ್ಯಸಭೆಯಲ್ಲಿ 85-104 ಮತಗಳಿಂದ ಬಿದ್ದುಹೋಯಿತು. ಹೆಸರು ಕೈಬಿಡಿ ಎಂಬ ಅರ್ಜಿಯನ್ನು ಹೆಸರು ಸೇರಿಸಿದ ಸರಕಾರಕ್ಕೇ ಸಲ್ಲಿಸಬೇಕು. ಮುಂದಿನ ಪರಾಮರ್ಶೆ ಸಮಿತಿಯನ್ನು ನೇಮಿಸುವುದೂ ಸರಕಾರವೇ. ಕಾಯ್ದೆಯಡಿಯ ಆದೇಶ, ನಿಯಮಗಳನ್ನು ಉಭಯ ಸದನಗಳ ಮುಂದಿಡಬೇಕೆಂದು 53ನೇ ಕಲಮು ಹೇಳುತ್ತದೆ, ನಿಜ. ಆದರೆ ಮೇಜಿನ ಮೇಲಿಡುವುದು ಬೇರೆ, ಓದಿ ಪರಿಶೀಲಿಸುವುದು ಬೇರೆ.

ಇದು ದಿಲ್ಲಿಯ ವಿಷಯ, ನಮಗೇಕೆ ಎನ್ನಬೇಡಿ. ಅದೇ ಕಾಯ್ದೆಯ 51ಎ ಕಲಮಿನಂತೆ ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯಲ್ಲಿರುವವರ ಹಣವನ್ನು ತಡೆಹಿಡಿಯಬೇಕಾಗುತ್ತದೆ. ಬ್ಯಾಂಕುಗಳು ಗ್ರಾಹಕರ ಹೆಸರುಗಳನ್ನು ಪಟ್ಟಿಯೊಂದಿಗೆ ಹೋಲಿಸುತ್ತವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯಾವ ಮೊಹಲ್ಲಾದಲ್ಲಿ ನಿಂತು ‘ಇಬ್ರಾಹೀಮ್’ ಎಂದು ಕೂಗಿದರೂ ನಾಲ್ಕು ಬಾಗಿಲುಗಳು ತೆರೆದಾವು! ಹೆಸರಿನ ಸಾಮ್ಯದಿಂದ ಪ್ರಮಾದವಾಗಬಹುದೆಂದು ಸರಕಾರವೇ ಬಲ್ಲದು. ಆದ್ದರಿಂದಲೇ ಅಕಸ್ಮಾತ್ ಸಿಲುಕಿದವರ ಹಣ ಬಿಡಿಸುವ ಕ್ರಮವನ್ನೂ ಅದರ ಆದೇಶದಲ್ಲಿ ಬರೆಯಲಾಗಿದೆ. ಆದರೆ ಸೌದಿಯಿಂದ ಮಗ ಕಳುಹಿಸಿದ ಹಣ ನಿಂತುಹೋದರೆ, ಹಳ್ಳಿಯ ತಾಯಿಯೊಬ್ಬಳು ಆ ಆದೇಶವನ್ನು ಎಲ್ಲಿ ಹುಡುಕಬೇಕು?

ಅರಿಯದೆ ಜನರಿಗೆ ಹಾನಿ ಮಾಡದಂತೆ, ಬಂದ ಸುದ್ದಿಯನ್ನು ಮೊದಲು ಪರಿಶೀಲಿಸಬೇಕೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಪ್ರಜಾಪ್ರಭುತ್ವದಲ್ಲಿ ಈ ಪರಿಶೀಲನೆ ಸಂಸತ್ತಿನ ಕರ್ತವ್ಯ. ಬ್ರಿಟನ್ನಿನಲ್ಲಿ 1946ರ ವಿಶ್ವಸಂಸ್ಥೆ ಕಾಯ್ದೆಯ ಬಲದಿಂದ ಸರಕಾರವು ವ್ಯಕ್ತಿಗಳ ಆಸ್ತಿಯನ್ನು ತಡೆಹಿಡಿದಿತ್ತು. ಸಂಸತ್ತಿನ ಸ್ಪಷ್ಟ ಒಪ್ಪಿಗೆಯಿಲ್ಲದೆ ಮೂಲಭೂತ ಹಕ್ಕುಗಳನ್ನು ಹೀಗೆ ಮೊಟಕುಗೊಳಿಸಲಾಗದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರ ಜನವರಿಯಲ್ಲಿ ಆ ಆಜ್ಞೆಗಳನ್ನು ರದ್ದುಪಡಿಸಿತು. ಸರಕಾರವು ಕಾನೂನಿಗಾಗಿ ಸಂಸತ್ತಿನ ಬಾಗಿಲಿಗೆ ಹೋಗಲೇಬೇಕಾಯಿತು. ಇದರಿಂದ ಭಯೋತ್ಪಾದಕರಿಗೆ ಜಯವಾಗಲಿಲ್ಲ. ಕಾನೂನಿಗೆ ಬಲ ಬಂತು.

ಈ ನಾಲ್ಕೂ ಕ್ಷೇತ್ರಗಳ ಮತದಾರರು ವಿಜಯಪುರದಿಂದ ಒಬ್ಬರೇ ಲೋಕಸಭಾ ಸದಸ್ಯರನ್ನು ಆರಿಸಿ ಕಳುಹಿಸುತ್ತಾರೆ. ಪ್ರಶ್ನಿಸುವುದನ್ನು ನಾಡಿಗೆ ಕಲಿಸಿದ ಬಸವಣ್ಣನವರ ಜನ್ಮಭೂಮಿಯ ಪ್ರತಿನಿಧಿಯನ್ನು ನಾವು ಕೇಳಬೇಕಾದುದು ಇಷ್ಟು: ಎಷ್ಟು ಹೆಸರು ಸೇರಿತು, ಎಷ್ಟು ಖಾತೆಗಳು ತಪ್ಪಾಗಿ ಸಿಲುಕಿದವು, ಬಿಡುಗಡೆಗೆ ಎಷ್ಟು ದಿನ ಹಿಡಿಯಿತು ಎಂಬ ವರದಿ ವರ್ಷಕ್ಕೊಮ್ಮೆ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯ ಮುಂದೆ ಬರಲಿ.

ನಮ್ಮ ಹೊಣೆಯೂ ಇದೆ. ಪಾಸ್‌ಪೋರ್ಟಿನಲ್ಲೊಂದು, ಆಧಾರಿನಲ್ಲೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಹೆಸರಿಟ್ಟುಕೊಂಡು ಸರಕಾರವನ್ನಷ್ಟೇ ದೂರುವುದು ತರವಲ್ಲ. ನಮ್ಮ ಮಸೀದಿ ಕಮಿಟಿಗಳು ಜುಮಾ ನಮಾಝಿನ ಬಳಿಕ ಅರ್ಧ ತಾಸು ಕುಳಿತು ಜಮಾಅತಿನವರ ದಾಖಲೆಗಳನ್ನು ಸರಿಪಡಿಸಿಕೊಡಲಿ. ದಾನದ ಹಣ ಪಡೆಯುವಾಗ ರಶೀದಿ ನೀಡಲಿ, ಲೆಕ್ಕವಿಡಲಿ. ಸರಕಾರದಿಂದ ಲೆಕ್ಕ ಕೇಳುವವರ ಲೆಕ್ಕವೂ ಚೊಕ್ಕವಾಗಿರಬೇಕು.