ಕೇಳಿದರೆ ತಪ್ಪೇನು?

ನಮ್ಮ ವಾಚನಾಲಯದಲ್ಲಿ ಪತ್ರಿಕೆ ಹರಡುವ ಮೇಜಿನ ಮೇಲೆ ಒಂದು ತೆಳ್ಳಗಿನ ಪುಸ್ತಿಕೆ ಇತ್ತು. ಮನೆಮನೆಗೆ ಬಂದು ಬೈಬಲಿನ ವಿಷಯ ಮಾತಾಡುತ್ತಾರಲ್ಲ, ಯೆಹೋವನ ಸಾಕ್ಷಿಗಳು, ಅವರು ಯಾರೋ ಇಟ್ಟು ಹೋದದ್ದು. ಯೇಸು ದೇವರ ಮಗ ಹೌದು, ಆದರೆ ಸರ್ವಶಕ್ತನಾದ ದೇವರು ಅವನಲ್ಲ ಎಂಬುದು ಅದರ ಸಾರ. ಒಂದು ವಾರ ಕಳೆಯುವಾಗ ಪುಸ್ತಿಕೆ ಮೇಜಿನ ಮೇಲೆ ಇಲ್ಲ. ವಿಚಾರಿಸಿದೆ. ಕಪಾಟಿನೊಳಗೆ ಹಾಕಿ ಬೀಗ ಜಡಿದಿದ್ದಾರಂತೆ.

ಇಗರ್ಜಿಗೆ ತಪ್ಪದೆ ಹೋಗುವ ಹಿರಿಯರೊಬ್ಬರಿಗೆ ಅದನ್ನು ಓದಿ ನೋವಾಗಿತ್ತು. "ಇದು ಸಾವಿರದ ಏಳ್ನೂರು ವರ್ಷದ ಹಿಂದೆಯೇ ತೀರ್ಮಾನ ಆದ ವಿಷಯ ಮಾಷ್ಟ್ರೇ, ಈಗ ಪುನಃ ಕೆದಕುವುದು ಎಂತಕ್ಕೆ?" ಎಂದು ಅವರು ಕೇಳಿದರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು, ಇಗರ್ಜಿಯ ಒಳಗೆ ಒಂದು ದಿನ ಕಾಲಿಟ್ಟವರಲ್ಲ, ನಕ್ಕು ಹೇಳಿದರು: "ತಮ್ಮ ದೇವರು ಯಾರು ಅಂತ ಅವರಿಗೇ ಇನ್ನೂ ಗೊತ್ತಾಗಲಿಲ್ಲವಾ?"

ಬೀಗ ಹಾಕಿದ್ದೂ ತಪ್ಪು, ನಕ್ಕದ್ದೂ ತಪ್ಪು. ಸಭೆಯಲ್ಲಿ ಹೇಳಲಿಕ್ಕೆ ಸಮಯ ಸಿಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತೇನೆ.

ಮೊದಲು ಆ ತೀರ್ಮಾನದ ಕಥೆ ನೋಡೋಣ. ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಆರಿಯಸ್ ಎಂಬ ಪಾದ್ರಿ ಇದ್ದ. ಅವನು ಹೇಳಿದ್ದು ಇಷ್ಟೆ: ತಂದೆಯಾದ ದೇವರಿಗೆ ಹುಟ್ಟಿಲ್ಲ, ಆದಿಯಿಲ್ಲ, ಮಗ ಆ ದೇವರಿಂದ ಬಂದವನು, ಜಗತ್ತಿಗಿಂತ ಮೊದಲೇ ಬಂದವನು, ಆದರೂ ಬಂದವನೇ, ಆದುದರಿಂದ ತಂದೆಗೆ ಸಮನಲ್ಲ. ಅಲ್ಲಿನ ಬಿಷಪ್ ಒಪ್ಪಲಿಲ್ಲ. ಜಗಳ ಊರೂರಿಗೆ ಹಬ್ಬಿತು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಇಂದಿನ ತುರ್ಕಿ ದೇಶದಲ್ಲಿರುವ ನೈಸೀಯ ಎಂಬಲ್ಲಿ ಬಿಷಪರನ್ನೆಲ್ಲ ಕೂಡಿಸಿದ. ಮಗ ಮತ್ತು ತಂದೆ ಒಂದೇ ತತ್ತ್ವ ಎಂದು ಅಲ್ಲಿ ಬರೆದರು. ಒಪ್ಪದ ಆರಿಯಸ್ಸನನ್ನೂ ಇಬ್ಬರು ಬಿಷಪರನ್ನೂ ಗಡೀಪಾರು ಮಾಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಆರಿಯಸ್ಸನ ಪುಸ್ತಕಗಳನ್ನು ಸುಡಬೇಕು, ಅಡಗಿಸಿಟ್ಟವರಿಗೆ ಮರಣದಂಡನೆ ಎಂದು ಚಕ್ರವರ್ತಿಯ ಆಜ್ಞೆ ಹೊರಟಿತು. ಈ ಚಕ್ರವರ್ತಿಗೆ ಆಗ ಇನ್ನೂ ದೀಕ್ಷಾಸ್ನಾನ ಕೂಡ ಆಗಿರಲಿಲ್ಲ, ಮಾರಾಯ್ರೇ!

ಸರಿ, ತೀರ್ಮಾನ ಆಯಿತಾ? ಎಲ್ಲಿ ಆಯಿತು? ಕೆಲವೇ ವರ್ಷಗಳಲ್ಲಿ ಅದೇ ಚಕ್ರವರ್ತಿ ಆರಿಯಸ್ಸನನ್ನು ವಾಪಸು ಕರೆಸಿದ. ನೈಸೀಯದ ಪಕ್ಷಕ್ಕೆ ಕಂಬದ ಹಾಗೆ ನಿಂತಿದ್ದ ಅಥನೇಸಿಯಸ್ಸನನ್ನು ಗಡೀಪಾರು ಮಾಡಿದ. ಮುಂದೆ ಬಂದ ದೊರೆಗಳ ಕಾಲವೂ ಸೇರಿ ಅಥನೇಸಿಯಸ್ ಐದು ಸಲ ಊರು ಬಿಡಬೇಕಾಯಿತು. 337ರಲ್ಲಿ ಸಾಯುವ ಮೊದಲು ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು ಯಾರ ಕೈಯಿಂದ? ಆರಿಯಸ್ಸನ ಪಕ್ಷದ ಬಿಷಪನ ಕೈಯಿಂದ. ಅವನ ಮಗ ಕಾನ್‌ಸ್ಟಾಂಟಿಯಸ್ ಪಟ್ಟಕ್ಕೆ ಬಂದ ಮೇಲೆ ನೈಸೀಯದ ಮಾತು ಆಡುವವರಿಗೇ ಕಷ್ಟ. ಕೊನೆಗೆ 380ರಲ್ಲಿ ಥಿಯೊಡೋಸಿಯಸ್ ಎಂಬ ಇನ್ನೊಬ್ಬ ಚಕ್ರವರ್ತಿಯ ಆಜ್ಞೆಯಿಂದ ಗಾಳಿ ಮತ್ತೆ ಈ ಕಡೆ ತಿರುಗಿತು. ದೊರೆ ಬದಲಾದ ಹಾಗೆ ದೇವರ ಲಕ್ಷಣವೂ ಬದಲಾಗುವುದಾದರೆ ಅದನ್ನು ತೀರ್ಮಾನ ಎನ್ನಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಯಾರು ಮಾತಾಡಬಹುದು, ಯಾರು ಬಾಯಿ ಮುಚ್ಚಬೇಕು ಎಂಬುದಷ್ಟೇ ಅಲ್ಲಿ ತೀರ್ಮಾನ ಆದದ್ದು.

ಇನ್ನು ನಕ್ಕವರಿಗೆ ಎರಡು ಮಾತು. ಈ ಪ್ರಶ್ನೆ ಬುದ್ಧಿಯಿಲ್ಲದವರು ಎತ್ತಿದ್ದಲ್ಲ. ಅವರ ಗ್ರಂಥದೊಳಗಿಂದಲೇ ಎದ್ದದ್ದು. ಯೊಹಾನನ ಸುವಾರ್ತೆಯ ಮೊದಲ ಸಾಲೇ ವಾಕ್ಯವನ್ನು ದೇವರೆಂದು ಕರೆಯುತ್ತದೆ. ಸಂಶಯಪಟ್ಟ ತೋಮ ಗಾಯದ ಗುರುತು ಕಂಡು ಯೇಸುವನ್ನು ದೇವರೆಂದೇ ಕರೆಯುತ್ತಾನೆ. ಅದೇ ಯೊಹಾನನಲ್ಲಿ ತಂದೆ ತನಗಿಂತ ದೊಡ್ಡವನು ಎಂದು ಯೇಸುವೇ ಹೇಳುತ್ತಾನೆ. ಮಾರ್ಕನಲ್ಲಿ, ಕೊನೆಯ ದಿನ ಯಾವಾಗ ಎಂದು ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎನ್ನುತ್ತಾನೆ. ಎರಡೂ ಬಗೆಯ ಮಾತು ಒಂದೇ ಗ್ರಂಥದಲ್ಲಿ ಉಂಟು. ಓದಿದವನಿಗೆ ಪ್ರಶ್ನೆ ಹುಟ್ಟದಿದ್ದರೆ ಅವನು ಪುಟ ತಿರುಗಿಸಿದ್ದಾನೆ ಅಷ್ಟೆ, ಓದಿಲ್ಲ.

ಆ ಕಾಲದಲ್ಲಿ ಇದು ಬಿಷಪರ ನಡುವೆ ಮಾತ್ರ ನಡೆದ ಜಗಳವೂ ಅಲ್ಲ. ಕಾನ್‌ಸ್ಟಾಂಟಿನೋಪಲ್ ಪಟ್ಟಣದಲ್ಲಿ ಚಿಲ್ಲರೆ ಕೇಳಿದರೆ ಹುಟ್ಟಿದವನು-ಹುಟ್ಟದವನು ಎಂಬ ಚರ್ಚೆ ಶುರು ಮಾಡುತ್ತಾರೆ, ರೊಟ್ಟಿಯ ಕ್ರಯ ಕೇಳಿದರೆ ತಂದೆ ದೊಡ್ಡವನು ಎನ್ನುತ್ತಾರೆ ಎಂದು ನಿಸ್ಸದ ಗ್ರೆಗರಿ ಎಂಬ ಬಿಷಪ್ ಬೇಸರಪಟ್ಟು ಬರೆದಿದ್ದಾನೆ. ಅವನಿಗೆ ಬೇಸರ, ನನಗೋ ಓದಿ ಹೊಟ್ಟೆಕಿಚ್ಚು. ನಮ್ಮ ಚಹದಂಗಡಿಯಲ್ಲಿ ಅಡಿಕೆಯ ರೇಟು ಬಿಟ್ಟರೆ ಬೇರೆ ಮಾತೇ ಇಲ್ಲ.

ಆದರೆ ತಾಳಮದ್ದಳೆಗೆ ಹೋಗುತ್ತೀರಲ್ಲ? "ಕೃಷ್ಣ ಸಂಧಾನ"ದಲ್ಲಿ ಕೌರವನ ಅರ್ಥ ಹೇಳುವವರು ಕೃಷ್ಣನನ್ನು ಬರೇ ಗೊಲ್ಲ, ಬೆಣ್ಣೆ ಕದ್ದವ ಎಂದು ಹೀಯಾಳಿಸುವಾಗ ಚಪ್ಪಾಳೆ ಹೊಡೆಯುವವರು ಯಾರು? ಬೆಳಗಾದ ಮೇಲೆ ಅದೇ ಕೃಷ್ಣನಿಗೆ ಕೈಮುಗಿಯುವವರೇ. ವಾದ ಕೇಳಿದ್ದಕ್ಕೆ ಯಾರ ಭಕ್ತಿಯೂ ಕರಗಿ ಹೋಗಲಿಲ್ಲ. ಕೃಷ್ಣ ದೇವರೋ ಮನುಷ್ಯನೋ ಎಂದು ನಾವು ರಾತ್ರಿಯಿಡೀ ಕೇಳಬಹುದು, ಯೇಸುವಿನ ವಿಷಯ ಅವರು ಕೇಳಿದರೆ ನಗಬೇಕಾ?

ನಗುವ ವಿಷಯವೂ ಅಲ್ಲ ಇದು. ಜೀವ ಹೋಗಿದೆ. ಎಂಟನೆಯ, ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುವ ಅಧ್ಯಾಪಕರು ಇದನ್ನು ಗಮನಿಸಬೇಕು. ಹೃದಯದ ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ ಶುದ್ಧವಾಗಿ ಎಡಭಾಗಕ್ಕೆ ಬರುತ್ತದೆ ಎಂದು ಯುರೋಪಿನಲ್ಲಿ ಮೊದಲು ಅಚ್ಚು ಹಾಕಿಸಿದವನು ಮೈಕೆಲ್ ಸರ್ವೆಟಸ್ ಎಂಬ ಸ್ಪೇನಿನ ವೈದ್ಯ. ಅದನ್ನು ಬರೆದದ್ದು ವೈದ್ಯಪುಸ್ತಕದಲ್ಲಿ ಅಲ್ಲ, ತ್ರಯೇಕ ದೇವರು ಎಂಬ ನಂಬಿಕೆ ತಪ್ಪು ಎಂದು ವಾದಿಸಿದ ಪುಸ್ತಕದಲ್ಲಿ. ಅದು 1553. ಕಥೊಲಿಕರು ಅವನನ್ನು ಹಿಡಿದರು, ತಪ್ಪಿಸಿಕೊಂಡ. ಸಿಗದ್ದಕ್ಕೆ ಅವನ ಬೊಂಬೆ ಮಾಡಿ ಸುಟ್ಟರು. ಕ್ಯಾಲ್ವಿನನ ಜಿನೀವಾಕ್ಕೆ ಹೋದ. ಪೋಪನನ್ನು ಧಿಕ್ಕರಿಸಿ ಬಂದವರ ಊರದು, ಅಲ್ಲಾದರೂ ಉಳಿಯಬೇಕಿತ್ತು. ಅಲ್ಲಿ ಬೊಂಬೆ ಅಲ್ಲ, ಅವನನ್ನೇ ಅಕ್ಟೋಬರ್ 27ರಂದು ಜೀವಂತ ಸುಟ್ಟರು, ಪುಸ್ತಕವನ್ನೂ ಜೊತೆಗೆ. ಆ ಪುಸ್ತಕದ ಮೂರೇ ಪ್ರತಿ ಇಂದು ಉಳಿದಿವೆ. ಬೆಂಕಿಯ ನಡುವೆ ಅವನು ಯೇಸುವನ್ನೇ ಕೂಗಿ ಕರೆದನಂತೆ: ನಿತ್ಯನಾದ ದೇವರ ಮಗನೇ, ಎಂದು. ದೇವರ ನಿತ್ಯನಾದ ಮಗನೇ ಎಂದಿದ್ದರೆ ಅವರಿಗೆ ಸಮಾಧಾನ ಆಗುತ್ತಿತ್ತು. ಒಂದು ವಿಶೇಷಣ ಆಚೀಚೆ ಆಗಬೇಕಿತ್ತು, ಅಷ್ಟೆ. ವ್ಯಾಕರಣ ಕಲಿಸಿದ ನನಗೆ ಈ ಸಾಲು ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನ್ಯೂಟನ್ ಕೂಡ ಗುಟ್ಟಾಗಿ ಇದೇ ಪಂಥದವನು. ತ್ರಯೇಕತ್ವವನ್ನು ಅವನು ನಂಬುತ್ತಿರಲಿಲ್ಲ, ಪುಟಗಟ್ಟಲೆ ಬರೆದ, ಬದುಕಿರುವಾಗ ಅಚ್ಚು ಹಾಕಿಸಲಿಲ್ಲ. ಅವನ ಕುರ್ಚಿಯಲ್ಲಿ ಮುಂದೆ ಕೂತ ವಿಸ್ಟನ್ ಬಾಯಿಬಿಟ್ಟು ಹೇಳಿದ. 1710ರಲ್ಲಿ ಕೇಂಬ್ರಿಜ್ ಅವನನ್ನು ಹೊರಗೆ ಹಾಕಿತು. ನಮ್ಮ ದೇಶದಲ್ಲಿ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಬೋಧನೆಗಳನ್ನು ಮಾತ್ರ ಆರಿಸಿ ಪುಸ್ತಕ ಮಾಡಿದರು. ಸೆರಾಂಪುರದ ಮಿಶನರಿಗಳು ಸಿಟ್ಟಾದರು. ಉತ್ತರ, ಪ್ರತ್ಯುತ್ತರ ವರ್ಷಗಟ್ಟಲೆ ನಡೆಯಿತು. ಮಿಶನಿನ ಅಚ್ಚುಕೂಟ ತಮ್ಮ ಕೊನೆಯ ಉತ್ತರವನ್ನು ಅಚ್ಚು ಹಾಕಲು ಒಪ್ಪದಾಗ ರಾಯರು ತಮ್ಮದೇ ಅಚ್ಚುಕೂಟ ಹೂಡಿದರು. ಬೀಗ ಹಾಕಿದರೆ ಮಾತು ನಿಲ್ಲುವುದಿಲ್ಲ, ಬೇರೆ ಬಾಗಿಲು ಹುಡುಕುತ್ತದೆ.

"ನಮ್ಮಲ್ಲಿ ಹೀಗೆಲ್ಲ ಇರಲಿಲ್ಲ" ಎಂದು ಎದೆ ಉಬ್ಬಿಸುವವರೂ ಇದ್ದಾರೆ. ಸ್ವಲ್ಪ ತಡೆಯಿರಿ. ಇದೇ ಕುಂಬಳೆ ಸೀಮೆಯಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ಹದಿನೈದು ದಿನ ವಾದ ನಡೆಯಿತು, ಸೋತ ತ್ರಿವಿಕ್ರಮರು ಶಿಷ್ಯರಾದರು ಎಂದು ಅವರ ಮಗ ನಾರಾಯಣ ಪಂಡಿತಾಚಾರ್ಯರ "ಮಧ್ವವಿಜಯ" ಹೇಳುತ್ತದೆ. ಕೇಳಲು ಚಂದ ಉಂಟು. ಆದರೆ ಮಧ್ವರ ಗ್ರಂಥಗಳನ್ನು ವಿರೋಧಿಗಳು ಕದ್ದ ಕಥೆಯೂ ಅದರಲ್ಲೇ ಉಂಟು. ಕದ್ದವರು ಯಾರೋ ಪರದೇಶದವರಲ್ಲ. ವ್ಯತ್ಯಾಸ ಒಂದೇ, ಕುಂಬಳೆಯ ಅರಸ ಜಯಸಿಂಹ ಆ ಪುಸ್ತಕಗಳನ್ನು ವಾಪಸು ಕೊಡಿಸಿದ. ರೋಮಿನ ಚಕ್ರವರ್ತಿ ಸುಡಿಸಿದ, ನಮ್ಮ ಸೀಮೆಯ ಅರಸ ಹಿಂದೆ ಕೊಡಿಸಿದ. ನಮ್ಮ ವಾಚನಾಲಯದ ಸಮಿತಿಯವರು ಇಬ್ಬರಲ್ಲಿ ಯಾರ ದಾರಿ ಹಿಡಿಯುತ್ತಾರೆ ಎಂದು ನಾನು ಕೇಳುತ್ತಿದ್ದೇನೆ.

ಊರಿನ ಶಾಂತಿ ಕೆಡುತ್ತದೆ ಎನ್ನುವವರಿಗೆ ನಮ್ಮ ಕೇರಳದ್ದೇ ಒಂದು ಸಂಗತಿ. 1985ರಲ್ಲಿ ಇದೇ ಯೆಹೋವನ ಸಾಕ್ಷಿಗಳ ಮೂರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ತೀರ್ಪು ಕೊಟ್ಟಿತು. ಅವರ ನಂಬಿಕೆ ಸರಿಯೋ ತಪ್ಪೋ ಎಂದು ನ್ಯಾಯಾಧೀಶರು ತೂಗಲಿಕ್ಕೆ ಹೋಗಲಿಲ್ಲ. ಅದು ಅವರ ಪ್ರಾಮಾಣಿಕ ನಂಬಿಕೆಯೋ ಎಂದಷ್ಟೇ ನೋಡಿದರು. ಶಾಲೆ ಏನೂ ಮುಳುಗಿ ಹೋಗಲಿಲ್ಲ.

ಯೇಸು ದೇವರು ಹೌದೋ ಅಲ್ಲವೋ ಎಂದು ನಾನು ಹೇಳುವುದಿಲ್ಲ, ಅದು ನನ್ನ ಅಧಿಕಾರವಲ್ಲ. ಇಗರ್ಜಿಯ ಹಿರಿಯರ ಮನೆಗೆ ಕಳೆದ ವಾರ ಹೋಗಿದ್ದೆ. ನೈಸೀಯದ ವಿಶ್ವಾಸ ಪ್ರಮಾಣ ಕನ್ನಡದಲ್ಲಿ ನಿಮ್ಮ ಹತ್ತಿರ ಇದ್ದರೆ ಕೊಡಿ, ಎರಡನ್ನೂ ಒಂದೇ ಮೇಜಿನಲ್ಲಿ ಇಡುವ, ಓದುವವರು ಓದಲಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಒಳಗೆ ಹೋಗಿ ಹಳೆಯ ಪ್ರಾರ್ಥನಾ ಪುಸ್ತಕ ತಂದು ಕೊಟ್ಟರು. "ಹಾಳೆ ಮಡಚಬೇಡಿ, ನನ್ನ ತಾಯಿಯದ್ದು" ಎಂದರು. ಅದು ಈಗ ನನ್ನ ಚೀಲದಲ್ಲಿ ಉಂಟು. ಕಪಾಟಿನ ಕೀಲಿಕೈ ಮಾತ್ರ ಇನ್ನೂ ಕಾರ್ಯದರ್ಶಿಗಳ ಹತ್ತಿರವೇ ಉಂಟು.