ತೋಟದ ಮಣ್ಣಿನಲ್ಲಿ ಉಳಿದ ಮೈಲುತುತ್ತು



ನಮ್ಮ ಅಡಿಕೆ ತೋಟದ ಮೂಲೆಯಲ್ಲಿ ಒಂದು ಜಾಗವಿದೆ. ಅಜ್ಜನ ಕಾಲದಿಂದಲೂ ಬೋರ್ಡೋ ದ್ರಾವಣ ಕಲಸುವುದು ಅಲ್ಲೇ, ಪೀಪಾಯಿ ತೊಳೆದ ನೀರು ಚೆಲ್ಲುವುದೂ ಅಲ್ಲೇ. ಹಳೆಯ ಮರ ಬಿದ್ದ ಮೇಲೆ ಅಲ್ಲಿ ಮೂರು ಸಲ ಸಸಿ ನೆಟ್ಟೆವು. ಮೂರು ಸಲವೂ ಎಲೆ ಹಳದಿಯಾಗಿ, ಬೇರು ಮೊಂಡಾಗಿ ಸತ್ತವು. ಗೊಬ್ಬರ ಸಾಲದೆಂದು ಇನ್ನಷ್ಟು ಹಾಕಿದೆವು. ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದಾಗ ತಾಮ್ರ ಅತಿಯಾಗಿದೆಯೆಂದು ತಿಳಿಯಿತು.

ಕೊಳೆರೋಗಕ್ಕೆ ಈ ಮದ್ದನ್ನು 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಡಾ. ಲೆಸ್ಲಿ ಕೋಲ್ಮನ್. ಅದಿಲ್ಲದಿದ್ದರೆ ಮಲೆನಾಡಿನಲ್ಲಿ ಅಡಿಕೆ ಉಳಿಯುತ್ತಿತ್ತೇ ಎಂಬುದು ಸಂಶಯ. ಕಾಫಿಯ ಎಲೆ ತುಕ್ಕಿಗೂ ಅದೇ ಆಧಾರವಾಯಿತು. ಆದರೆ ಲೆಕ್ಕ ಹಾಕಿ ನೋಡೋಣ. ಶೇಕಡಾ 1ರ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋ ಮೈಲುತುತ್ತು. ಅದರಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 500 ಲೀಟರಿನಂತೆ ವರ್ಷಕ್ಕೆ ಎರಡು ಸಲ ಹೊಡೆದರೆ ಎರಡೂವರೆ ಕಿಲೋ ತಾಮ್ರ, 40 ವರ್ಷಕ್ಕೆ 100 ಕಿಲೋ. ಸಾರಜನಕದಂತೆ ಇದು ಗಾಳಿಗೆ ಹೋಗುವುದಿಲ್ಲ, ಕೊಳೆಯುವುದೂ ಇಲ್ಲ. ಬಹುಪಾಲು ಮೇಲ್ಮಣ್ಣಿನಲ್ಲೇ ನಿಂತು ಎರೆಹುಳುವಿಗೂ ಎಳೆಬೇರಿಗೂ ಕಂಟಕವಾಗುತ್ತದೆ. ಐರೋಪ್ಯ ಒಕ್ಕೂಟವು 2019ರಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ಎಂಬ ಮಿತಿ ಹಾಕಿತು. ಅಂದರೆ ಎಕರೆಗೆ ವರ್ಷಕ್ಕೆ ಸುಮಾರು 1.6 ಕಿಲೋ.

ಮಣ್ಣಿನ ಗುಣವೂ ಮುಖ್ಯ. ಕಲಬುರಗಿ ಜಿಲ್ಲೆಯ ನಾಲವಾರ, ವಾಡಿ, ಶಹಾಬಾದ ಕಡೆ ನೆಲದಡಿ ಸುಣ್ಣಕಲ್ಲು; ಸಿಮೆಂಟು ಕಾರ್ಖಾನೆಗಳು ಅಲ್ಲಿ ಬಂದದ್ದೂ ಅದಕ್ಕೇ. ಅಂಥ ಮಣ್ಣಿನಲ್ಲಿ ತಾಮ್ರ, ಸೀಸ, ಕ್ಯಾಡ್ಮಿಯಂಗಳು ಬಹುಮಟ್ಟಿಗೆ ಕಟ್ಟುಬಿದ್ದಿರುತ್ತವೆ. ನಮ್ಮಲ್ಲಿ ಮಳೆ ಸುಣ್ಣವನ್ನು ತೊಳೆದು ಮಣ್ಣನ್ನು ಹುಳಿ ಮಾಡಿದೆ. ಹುಳಿ ಮಣ್ಣಿನಲ್ಲಿ ಅದೇ ಲೋಹ ಬಿಡುಗಡೆಯಾಗಿ ಬೇರಿಗೆ ತಾಗುತ್ತದೆ. ಅವರ ನೆಲದಲ್ಲಿ ತಾನಾಗಿ ಇರುವುದನ್ನು ನಾವು ಚೀಲದಲ್ಲಿ ತಂದು ಹಾಕಬೇಕು.

ಅಡಿಕೆ ತಿನ್ನುವವರಿಗೆ ಇದರಿಂದ ಅಪಾಯವೆಂದು ಗಾಬರಿಪಡಬೇಕಾಗಿಲ್ಲ. ತಾಮ್ರ ಹೆಚ್ಚಾಗಿ ಬೇರಿನಲ್ಲೇ ತಡೆದು ನಿಲ್ಲುತ್ತದೆ; ನಷ್ಟ ಗಿಡಕ್ಕೆ, ಅದರಲ್ಲೂ ಮರುನಾಟಿಯ ಸಸಿಗೆ. ಕ್ಯಾಡ್ಮಿಯಂ ಹಾಗಲ್ಲ. ಕೆಲವು ರಂಜಕ ಗೊಬ್ಬರಗಳಲ್ಲಿ ಅದು ಬೆರೆತಿರುತ್ತದೆ, ಕೊಕ್ಕೋ ಬೀಜಕ್ಕೂ ಏರುತ್ತದೆ. ಶೇಕಡಾ 50ಕ್ಕೆ ಕಡಿಮೆಯಿಲ್ಲದ ಕೊಕ್ಕೋ ಇರುವ ಚಾಕಲೇಟಿಗೆ ಐರೋಪ್ಯರು 2019ರಿಂದ ಕಿಲೋಗೆ 0.8 ಮಿಲಿಗ್ರಾಂ ಮಿತಿ ಇಟ್ಟಿದ್ದಾರೆ. ಅಡಿಕೆಯ ನಡುವೆ ಕೊಕ್ಕೋ ಬೆಳೆಯುವವರು ಇದನ್ನು ಗಮನಿಸಬೇಕು.

ಮರ ನೆಟ್ಟು ಲೋಹವನ್ನು ಹೀರಿಸಿ ತೆಗೆಯಬಹುದೆಂಬ ಮಾತಿದೆ. ಮರ ವರ್ಷಕ್ಕೆ ಎತ್ತುವುದು ಗ್ರಾಂ ಲೆಕ್ಕದಲ್ಲಿ, ನಾವು ಸುರಿಯುವುದು ಕಿಲೋ ಲೆಕ್ಕದಲ್ಲಿ. ಆದ್ದರಿಂದ ಕಟ್ಟಿಹಾಕುವುದೇ ಜಾಣತನ. ಪರೀಕ್ಷೆಯ ಪ್ರಕಾರ ಸುಣ್ಣ, ಧಾರಾಳ ಕಾಂಪೋಸ್ಟು. ಮರುನಾಟಿಯ ಗುಂಡಿಗೆ ದರೆಯ ಹೊಸ ಮಣ್ಣು. ಹಳೆಯ ತೋಟದ ಮೇಲ್ಮಣ್ಣಿನಿಂದ ಸಸಿಮಡಿ ಬೇಡ. ಕಲಸುವ ಜಾಗದಲ್ಲಿ ತರಕಾರಿ ಬೇಡ. ಉಳಿದ ದ್ರಾವಣವನ್ನು ಒಂದೇ ಕಡೆ ಚೆಲ್ಲುವುದೂ ಬೇಡ. ಸಾಧ್ಯವಿದ್ದಲ್ಲಿ ಕೊಟ್ಟೆ ಕಟ್ಟುವ ಹಳೆಯ ಕ್ರಮದಿಂದ ಒಂದು ಸಿಂಪರಣೆಯಾದರೂ ಉಳಿದೀತು.

ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರದ ಅಂಕಿ ಇದೆ. ಆದರೆ ಅದನ್ನು ಓದುವುದು ಕೊರತೆಯಿದೆಯೇ ಎಂದು ತಿಳಿಯಲು. "ಸಾಕಷ್ಟಿದೆ" ಎಂದು ಬರೆದಲ್ಲಿ ಎಷ್ಟು ಸಾಕು, ಎಷ್ಟು ಅತಿ ಎಂದು ಯಾರೂ ಹೇಳುವುದಿಲ್ಲ. ಈ ಕೆಲಸವನ್ನು ನಮ್ಮ ಸಹಕಾರ ಸಂಘಗಳೇ ವಹಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಮೈಲುತುತ್ತು ಮಾರುವ ಕೌಂಟರಿನಲ್ಲೇ ಸದಸ್ಯರ ಮಣ್ಣಿನ ಮಾದರಿ ಪಡೆದು, ತಾಮ್ರ, ಕ್ಯಾಡ್ಮಿಯಂ, ಹುಳಿಗುಣ ಮೂರನ್ನೂ ನೋಡಿಸಿ, ಸುಣ್ಣವನ್ನು ಅಸಲು ಬೆಲೆಗೆ ಒದಗಿಸಲಿ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ಮಾತನ್ನೆತ್ತಬೇಕೆಂದು ವಿನಂತಿ. ಅಡಿಕೆ ಧಾರಣೆ ಇಳಿದರೆ ಮತ್ತೆ ಏರೀತು. ಮಣ್ಣಿಗೆ ಸೇರಿದ ತಾಮ್ರ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.